ಹೊಳೆಗೊಂದು ಒನ್ಸ್ ಮೋರ್

ನಮ್ಮ ಕಡೆ ನಾಟಕದ ಪರದೆಯನ್ನು ಯಾರೂ ತೂಗುಹಾಕಿ ನೋಡುವುದಿಲ್ಲ, ನೆಲಕ್ಕೆ ಹಾಸಿ ನೋಡುತ್ತಾರೆ. ಹಳ್ಳಿಯ ನಾಟಕ ಸಂಘದವರು ಕೊಟ್ಟೂರಿಗೆ ಬಂದು, ಪರದೆ ಬಾಡಿಗೆಗೆ ಕೊಡುವ ಪಂಚಾಕ್ಷರಪ್ಪನವರ ಸೀನರಿ ಅಂಗಡಿಯ ಅಂಗಳದಲ್ಲಿ ಚಪ್ಪಲಿ ಬಿಟ್ಟು, ಹಾಸಿದ ಬಟ್ಟೆಯ ಮೇಲೆ ಬರಿಗಾಲಿನಲ್ಲಿ ಮೆಲ್ಲಗೆ ನಡೆಯುತ್ತಾರೆ. ತೂತು ಎಲ್ಲಿದೆ, ತೇಪೆ ಎಲ್ಲಿದೆ, ಇಲಿ ಎಲ್ಲಿ ಊಟ ಮಾಡಿದೆ ಎಂದು ಬಗ್ಗಿ ಹುಡುಕುತ್ತಾರೆ. ಒಬ್ಬ ಕುಕ್ಕರಗಾಲಿನಲ್ಲಿ ಕೂತು ಬಣ್ಣವನ್ನು ಉಗುರಿನಿಂದ ಕೆರೆಯುತ್ತಾನೆ. ಇನ್ನೊಬ್ಬ ಮೂಸುತ್ತಾನೆ. ಆಮೇಲೆ ಅರಮನೆ ಚೊಲೋ ಐತಿ, ಅಡವಿ ಪರವಾಗಿಲ್ಲ ಎಂದು ತೀರ್ಮಾನವಾಗಿ, ಅಡವಿಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತು ಚಹಾ ಕುಡಿದು, ದಿನ ಗೊತ್ತುಮಾಡಿ ಹೋಗುತ್ತಾರೆ. ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ. ಈ ಪದ್ಧತಿಯೇ ಪುಷ್ಪಲತಾಳ ಹೊಳೆಯನ್ನು ಮುಳುಗಿಸಿತು.

ಪುಷ್ಪಲತಾ ಪಂಚಾಕ್ಷರಪ್ಪನವರ ಮಗಳು. ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಬಂದವಳು. ನಾನು ಹಂಪೇಶ, ಅದೇ ಅಂಗಡಿಯ ಮೈಕು ಮತ್ತು ಲೈಟು ನೋಡಿಕೊಳ್ಳುವವನು. ಬಿ.ಎ. ಮುಗಿಸಿದ್ದೇನೆ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಕೈ ಹಿಡಿದದ್ದು ಏನೂ ಇಲ್ಲ, ಗಂಟಲು ಹಿಡಿದದ್ದು ಒಂದಿದೆ. ಮೇಷ್ಟ್ರುಗಳ ದನಿ ತೆಗೆಯುವುದು. ಅವರು ಹಾಜರಿ ಕೂಗಿದರೆ ನಾನು ಹಿಂದಿನ ಬೆಂಚಿನಿಂದ ಅವರ ದನಿಯಲ್ಲೇ ಅವರಿಗೆ ಹಾಜರಿ ಹೇಳುತ್ತಿದ್ದೆ. ಕಾಲೇಜು ಬಿಟ್ಟ ಮೇಲೆ ಆ ವಿದ್ಯೆಗೆ ಸಿಕ್ಕ ದೊಡ್ಡ ಸರಕು ಪಂಚಾಕ್ಷರಪ್ಪನವರೇ. ಅವರು ಯಾವ ಮಾತಿಗೂ ಮೊದಲು ಎರಡು ಸಲ ಕೆಮ್ಮುತ್ತಾರೆ, ಕೊನೆಗೆ "ತಿಳೀತಲ್ಲ?" ಅನ್ನುತ್ತಾರೆ. ನಡುವೆ ಏನು ಹೇಳಿದರು ಎಂಬುದು ಮುಖ್ಯವಲ್ಲ. ಈ ಮೂರು ಸಾಮಾನು ಸರಿಯಾಗಿ ಜೋಡಿಸಿದರೆ ಅವರ ಮನೆಯ ನಾಯಿಯೂ ಎದ್ದು ನಿಲ್ಲುತ್ತದೆ. ನಿಲ್ಲಿಸಿ ನೋಡಿದ್ದೇನೆ.

ಅಂಗಡಿಯ ಹಳೆಯ ಹೊಳೆ ಪರದೆಯ ಬಗ್ಗೆ ಹೇಳಬೇಕು. ಅಚ್ಚ ನೀಲಿ ನೀರು, ಒಂದನ್ನೊಂದು ದುರುಗುಟ್ಟಿ ನೋಡುವ ಎರಡು ಹಂಸ, ಎಲೆಕೋಸಿನಷ್ಟು ದೊಡ್ಡ ಕಮಲಗಳು, ಒಂಟಿ ಚಪ್ಪಲಿಯಂಥ ಒಂದು ದೋಣಿ. ಮೂಲೆಯಲ್ಲಿದ್ದ ಸೂರ್ಯನನ್ನು ಇಲಿ ತಿಂದುಹಾಕಿತ್ತು. ರಾಹು ಕೇತು ಮಾಡದ ಕೆಲಸವನ್ನು ಗಣಪನ ವಾಹನ ಮಾಡಿ ಮುಗಿಸಿತ್ತು. ಆ ತೂತಿಗೆ ಹಳದಿ ಬಟ್ಟೆಯ ತೇಪೆ ಹಾಕಿ ಹೊಲಿದಿದ್ದರು. ಅದರಿಂದಾಗಿ ನಮ್ಮ ಸೂರ್ಯನಿಗೆ ಸುತ್ತಲೂ ದಾರದ ಕಿರಣಗಳಿದ್ದವು. ಇನ್ನೊಂದು ಪರದೆ ಬೇಕೇ ಬೇಕಾಗಿತ್ತು. ಪಂಚಾಕ್ಷರಪ್ಪನವರು ಫ್ಲೆಕ್ಸಿನಲ್ಲಿ ಅಚ್ಚು ಹೊಡೆಸುವ ಲೆಕ್ಕದಲ್ಲಿದ್ದರು. ಮಗಳು ಅಡ್ಡ ಬಂದಳು. ಹೊಳೆಯೊಂದನ್ನು ನಾನು ಬಿಡಿಸುತ್ತೇನೆ, ಅದು ಬಾಡಿಗೆಗೆ ಹೋದರೆ ಉಳಿದ ಪರದೆಗಳೂ ನನ್ನವು, ಹೋಗದಿದ್ದರೆ ನಿನ್ನ ಫ್ಲೆಕ್ಸು ನಿನಗೆ ಎಂದಳು. ಅಪ್ಪ ಎರಡು ಸಲ ಕೆಮ್ಮಿ ಒಪ್ಪಿದರು.

ಅವಳ ಹತ್ತಿರ ಕಾಲೇಜಿನಿಂದ ತಂದ ಒಂದು ಚಿತ್ರದ ಪ್ರತಿ ಇತ್ತು. ಯಾವುದೋ ಪರದೇಶದ ನಿಂತ ನೀರು, ಅದರ ಮೇಲೆ ದೋಣಿಗಳು. ಇಂಪ್ರೆಷನಿಸ್ಟರು ಅಂತ ಒಂದು ಮಂದಿ ಇದ್ದರಂತೆ. ಅವರು ಗೆರೆ ಕೊರೆದು ಒಳಗೆ ಬಣ್ಣ ತುಂಬುವವರಲ್ಲ. ಬಯಲಿಗೆ ಹೋಗಿ ನಿಂತು, ಬೆಳಕು ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಬಿದ್ದ ಹಾಗೆ ಚುಕ್ಕೆ, ಪಟ್ಟೆ, ಗೀಟು ಇಟ್ಟು ಬರುವವರು. ಹತ್ತಿರ ಹೋದರೆ ಬರೀ ಬಣ್ಣ, ದೂರ ನಿಂತರೆ ನೀರು. ಇದನ್ನು ಅವಳು ನನಗೆ ಹೇಳಿಕೊಟ್ಟಾಗ, ನಮ್ಮ ಹೆಡ್ ಮೇಷ್ಟ್ರೂ ಹಾಗೇ ಇದ್ದರು, ದೂರದಿಂದ ಬಹಳ ಚಂದ ಕಾಣುತ್ತಿದ್ದರು ಎಂದೆ. ಅವಳು ಕುಂಚದಿಂದ ನನ್ನ ಮೂಗಿಗೆ ಬಣ್ಣ ಹಚ್ಚಿ ಮುಂದಿನ ಪಾಠಕ್ಕೆ ಹೋದಳು.

ಆದರೆ ಪರದೇಶದ ಹೊಳೆಯನ್ನು ಅವಳು ನಕಲು ಮಾಡಲಿಲ್ಲ. ಹೆಸರಿನಲ್ಲೇ ಹಡಗು ಇಟ್ಟುಕೊಂಡಿರುವ ಹಡಗಲಿಯ ಕಡೆ ಅವಳ ಚಿಗವ್ವನ ಮನೆ ಇದೆ. ಅಲ್ಲಿಗೆ ಹೋಗಿ ಉಳಿದು, ಬೆಳಗು ಹರಿಯುವ ಹೊತ್ತಿಗೆ ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ ಕೂತಳು. ಮೀನಿನವರ ದೋಣಿಗಳು ಗಾಳಿಯಿಲ್ಲದ ನೀರಿನಲ್ಲಿ ಸುಮ್ಮನೆ ನಿಂತಿರುವುದನ್ನು ಕಾಗದದ ಮೇಲೆ ಇಳಿಸಿಕೊಂಡಳು. ವಾಪಸ್ ಬಂದು ಅಂಗಡಿಯ ಅಂಗಳದಲ್ಲಿ ದೊಡ್ಡ ಬಟ್ಟೆ ಹಾಸಿ ಬಿಡಿಸತೊಡಗಿದಳು. ಬಣ್ಣ ಇಡುವುದು, ಮಾಳಿಗೆಗೆ ಓಡುವುದು, ಮೇಲಿಂದ ನೋಡುವುದು, ಇಳಿದು ಬಂದು ಇನ್ನೊಂದು ಪಟ್ಟೆ ಇಡುವುದು. ಕೊಟ್ಟೂರಿನ ಓಣಿಗಳಲ್ಲಿ ದೂರ ಎಂಬುದೇ ಇಲ್ಲ, ಎದುರು ಮನೆಯವರು ಒಗ್ಗರಣೆ ಹಾಕಿದರೆ ಈ ಮನೆಯವರು ಸೀನುತ್ತಾರೆ. ಇರುವ ದೂರವೆಲ್ಲ ಮೇಲಕ್ಕೇ.

ಮುಗಿದ ದಿನ ನನ್ನನ್ನು ಮಾಳಿಗೆಗೆ ಕರೆದಳು. ಏಣಿ ಹತ್ತಿ ಕೆಳಗೆ ಬಗ್ಗಿ ನೋಡಿದೆ. ಅಂಗಳದ ತುಂಬ ನೀರು.

"ಪೈಪ್ ಒಡದೈತೇನ ಪುಷ್ಪಾ?" ಅಂದೆ.

ತಮಾಷೆಗೆ ಅಂದದ್ದಲ್ಲ. ಅವಳು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹೊಸ ಹೊಳೆ ನೋಡಲು ಮೊದಲು ಬಂದವರು ಹೊಸಹಳ್ಳಿಯ ಸಂಘದವರು. ಅವರ ಮುಖ್ಯಸ್ಥ ಗಾದಿಲಿಂಗಪ್ಪ. ವರ್ಷಗಟ್ಟಲೆ ಖಳನಾಯಕನ ಪಾತ್ರ ಮಾಡಿ ಮಾಡಿ ಆ ದನಿ ಅವರ ಗಂಟಲಿಗೆ ಅಂಟಿಕೊಂಡುಬಿಟ್ಟಿದೆ. ಮನೆಯಲ್ಲಿ ಉಪ್ಪು ಕೇಳಿದರೂ ಸೇಡು ತೀರಿಸಿಕೊಳ್ಳಲು ಬಂದವರ ಹಾಗೆ ಕೇಳುತ್ತಾರೆ. ಶನಿವಾರ ಅವರೂರಿನಲ್ಲಿ 'ಹೊಳೆ ದಾಟಿದ ಸೊಸೆ' ನಾಟಕ. ಹೊಳೆ ಇಲ್ಲದೆ ಸೊಸೆ ದಾಟುವ ಹಾಗಿಲ್ಲ.

ಅವರೆಲ್ಲ ಚಪ್ಪಲಿ ಬಿಟ್ಟು ಪರದೆಯ ಮೇಲೆ ಹತ್ತಿದರು. ನಡೆದರು. ಬಗ್ಗಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾದಿಲಿಂಗಪ್ಪ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಗೋಡಿಗೆ ಸುಣ್ಣ ಹೊಡದಾವ ಕೈ ಒರಸ್ಕಂಡ ಅರಿವಿ ಇದ್ದಂಗ ಐತಿ. ಹೊಳಿ ಎಲ್ಲೈತವ್ವ? ದೋಣಿ ಎಲ್ಲದಾವು?"

"ನೀವ ನಿಂತೀರಲ್ರಿ ಕಾಕಾ, ದೋಣಿ ಮ್ಯಾಲ."

ಗಾದಿಲಿಂಗಪ್ಪ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದು ಕಾಲ ಕೆಳಗೆ ನೋಡಿದರು. ಅಲ್ಲಿ ಕಂದು ಬಣ್ಣದ ನಾಲ್ಕು ಗೀಟು, ಅದರ ಕೆಳಗೆ ಅರಿಸಿನದ ಒಂದು ಪಟ್ಟೆ ಇದ್ದವು. ಜೊತೆಗೆ ಬಂದವನೊಬ್ಬ, ಸಾವಕಾಶರೀ, ಮುಳುಗೀರಿ ಎಂದ. ಎಲ್ಲರೂ ನಕ್ಕರು. ಪುಷ್ಪಲತಾ ನಗಲಿಲ್ಲ. ಮಾಳಿಗೆ ಹತ್ತಿ ಒಂದು ಸಲ ನೋಡಿ ಎಂದು ಕೇಳಿಕೊಂಡಳು. ನಮ್ಮೂರ ಮಂದಿ ಮಾಳಿಗೆ ಮೇಲೆ ಕೂತು ನಾಟಕ ನೋಡುವುದಿಲ್ಲ ಎಂದರು ಗಾದಿಲಿಂಗಪ್ಪ. ಇದು ಒಂದು ಥರದ ಕಲೆ ಎಂದು ನಾನು ನಡುವೆ ಬಾಯಿ ಹಾಕಿದೆ. ಕಲೆ ಕಾಣುತ್ತಿದೆ, ಒಗೆದರೂ ಹೋಗುವ ಹಾಗಿಲ್ಲ ಎಂದು ನನ್ನ ಬಾಯಿ ಮುಚ್ಚಿಸಿದರು. ತಮಾಷೆಯೆಂಬ ನನ್ನ ಸರಕನ್ನು ನನಗೇ ಮಾರಿದ ಮನುಷ್ಯ. ಅವರಿಗೆ ಇಲಿ ತಿಂದ ಸೂರ್ಯನೇ ಬೇಕಾಯಿತು. ಹಂಸ ಎರಡೂ ಇವೆಯೇ ಎಂದು ನೋಡಿಕೊಂಡು ಹಳೆಯ ಹೊಳೆಯನ್ನೇ ಗೊತ್ತುಮಾಡಿ ಹೋದರು.

ಗಿರಾಕಿಗಳ ಮುಂದೆ ಮುಖ ಸಣ್ಣದಾದದ್ದನ್ನು ಪಂಚಾಕ್ಷರಪ್ಪನವರಿಗೆ ತಡೆಯಲಾಗಲಿಲ್ಲ. ಮೊಣಕಾಲು ನೋವಿನ ಮನುಷ್ಯ, ಮಾಳಿಗೆಯನ್ನು ಅವರೂ ಹತ್ತಿರಲಿಲ್ಲ. ಎರಡು ಸಲ ಕೆಮ್ಮಿದರು.

"ಯವ್ವಾ ಪುಷ್ಪಾ, ಸೋಮವಾರ ಇದಕ್ಕ ಬಿಳಿ ಬಣ್ಣ ಹೊಡಸ್ತೀನಿ. ಇನ್ನ ಮುಂದ ಎಲ್ಲಾ ಫ್ಲೆಕ್ಸು. ನೀನು ಪಾತ್ರದವರ ಮುಖಕ್ಕ ಬಣ್ಣ ಹಚ್ಚೂದು ನೋಡ್ಕ, ಸಾಕು. ತಿಳೀತಲ್ಲ?"

ಅವಳು ಬೊಂಬಿನ ಮೇಲೆ ಪರದೆಯನ್ನು ತಾನೇ ಸುತ್ತಿದಳು. ದೋಣಿಗಳು ಒಂದೊಂದಾಗಿ ಒಳಗೆ ಹೋದವು. ಆಮೇಲೆ ಕುಂಚಗಳನ್ನೆಲ್ಲ ತೊಳೆದು, ಒರೆಸಿ, ದಾರ ಸುತ್ತಿ ತಂದು ನನ್ನ ಲೈಟಿನ ಪೆಟ್ಟಿಗೆಯಲ್ಲಿ ಇಟ್ಟಳು. ಯಾಕೆ ಎಂದು ಕೇಳಿದ್ದಕ್ಕೆ, ವೈರಿನ ದೂಳು ಹೊಡೆಯಲು ನಿನಗೆ ಬೇಕಾಗುತ್ತವೆ, ನನಗೆ ಇನ್ನು ಪೌಡರಿನ ಪಫ್ ಸಾಕು ಎಂದಳು. ತಮಾಷೆಯ ಮಾತನ್ನು ತಮಾಷೆಯಿಲ್ಲದೆ ಹೇಳುವುದು ನನಗೆ ಬರುವುದಿಲ್ಲ. ಅವಳಿಗೆ ಅಂದು ಬಂತು.

ಶನಿವಾರ ಬಂತು. ನಾನು ಲೈಟು ಕಟ್ಟಲು ಬೆಳಿಗ್ಗೆಯೇ ಹೊಸಹಳ್ಳಿಗೆ ಹೋದೆ. ಪಂಚಾಕ್ಷರಪ್ಪನವರನ್ನು ಸಂಘದವರು ಅತಿಥಿಯೆಂದು ಕಾರು ಕಳಿಸಿ ಕರೆಸಿಕೊಂಡಿದ್ದರು. ಪುಷ್ಪಲತಾ ಬಣ್ಣದ ಪೆಟ್ಟಿಗೆ ಹಿಡಿದುಕೊಂಡು, ಸೊಸೆಯ ಪಾತ್ರಕ್ಕೆ ಹರಪನಹಳ್ಳಿ ಕಡೆಯಿಂದ ಕರೆಸಿದ್ದ ದುರುಗಮ್ಮನ ಜೊತೆ ಬಸ್ಸಿಗೆ ಬರುವವಳಿದ್ದಳು. ಅಂಗಡಿಯಲ್ಲಿ ಉಳಿದವನು ಅಂಜಿನಿ ಒಬ್ಬನೇ. ಟೆಂಪೋ ಓಡಿಸುವವನೂ ಅವನೇ, ಪರದೆಯ ಹಗ್ಗ ಎಳೆಯುವವನೂ ಅವನೇ. ಪಂಚಾಕ್ಷರಪ್ಪನವರ ಫೋನಿನಲ್ಲಿ ಯಾವಾಗಲೂ ಚಾರ್ಜ್ ಇರುವುದಿಲ್ಲ. ಪಕ್ಕದಲ್ಲಿ ಯಾರಿದ್ದರೂ ಅವರ ಫೋನ್ ಇಸಿದುಕೊಂಡು ಮಾತಾಡುವುದು ಅವರ ರೂಢಿ. ಮಧ್ಯಾಹ್ನ ನಾನು ಜನರೇಟರಿನ ಹಿಂದೆ ಹೋಗಿ ನಿಂತು ಅಂಜಿನಿಗೆ ಫೋನ್ ಹಚ್ಚಿದೆ. ಎರಡು ಸಲ ಕೆಮ್ಮಿದೆ.

"ಅಂಜಿನೀ, ಹಳೇ ಹೊಳಿ ಅಲ್ಲೇ ಬಿಡು. ಹೊಸಾ ಹೊಳಿ ಹಾಕ್ಕೊಂಡ ಬಾ. ತಿಳೀತಲ್ಲ?"

"ಅದಕ್ಕ ಬಿಳಿ ಬಣ್ಣ ಹೊಡಿಯೂದಲ್ರಿ ಸಾವ್ಕಾರ?"

ಇದಕ್ಕೆ ನಾನು ತಯಾರಿರಲಿಲ್ಲ. ಗಾಬರಿಯಲ್ಲಿ ಇನ್ನೊಂದು ಕೆಮ್ಮು ಬಂದುಬಿಟ್ಟಿತು, ಪಾತ್ರದಲ್ಲಿ ಇಲ್ಲದ ಕೆಮ್ಮು. ಬಿಳಿ ಸೋಮವಾರಕ್ಕೆ, ಇವತ್ತು ಶನಿವಾರ ಎಂದೆ. ಅಂಜಿನಿ ಹೂಂ ಅಂದು, ಕೆಮ್ಮು ಜಾಸ್ತಿ ಆಗೈತಿ, ಔಷಧ ತಗೊಳ್ರಿ ಎಂದು ಕಾಳಜಿ ಮಾಡಿ ಫೋನಿಟ್ಟ. ಸುತ್ತಿದ ಪರದೆ ಬಿಚ್ಚಿ ಬೀಳುವ ತನಕ ಅದು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಸಂಜೆಗೆ ಅರಮನೆ, ಅಡವಿ, ಹೊಳೆ ಮೂರೂ ಸುರುಳಿಗಳು ಒಂದರ ಹಿಂದೊಂದು ಕಟ್ಟಿಕೊಂಡು ಸಾಧು ಪ್ರಾಣಿಗಳ ಹಾಗೆ ನಿಂತಿದ್ದವು.

ಹತ್ತು ಗಂಟೆಯ ಮೇಲೆ ಮೈಕು ಹಚ್ಚುವ ಹಾಗಿಲ್ಲ. ಹಾಗಾಗಿ ಈಗ ನಮ್ಮ ನಾಟಕಗಳು ಹೊತ್ತು ಮುಳುಗುತ್ತಲೇ ಶುರು. ಶಾಲೆಯ ಬಯಲು ತುಂಬಿತ್ತು. ಮುಂದೆ ಅತಿಥಿಗಳಿಗೆ ಪ್ಲಾಸ್ಟಿಕ್ ಕುರ್ಚಿ. ಅವರ ಹಿಂದೆ ಜಮಖಾನದ ಮೇಲೆ ಊರ ಗಂಡಸರು. ಎಲ್ಲರಿಗಿಂತ ಹಿಂದೆ, ಕಾಂಪೌಂಡಿನ ಹತ್ತಿರ ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಹೆಂಗಸರು, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ. ಕಾಂಪೌಂಡಿನ ಮೇಲೂ ಒಂದು ಸಾಲು. ನನ್ನ ಸ್ವಿಚ್ಚಿನ ಹಲಗೆ ಅತಿಥಿಗಳ ಪಕ್ಕದಲ್ಲಿ.

ಮೊದಲ ದೃಶ್ಯ ಗೌಡರ ಮನೆ. ಯಾವ ಗೌಡರ ಮನೆಯಾದರೂ ನಮ್ಮ ಅಂಗಡಿಯಲ್ಲಿ ಅದು ಅರಮನೆಯೇ. ದುರುಗಮ್ಮ ಸೊಸೆಯಾಗಿ ಕಷ್ಟಪಟ್ಟಳು, ಗಾದಿಲಿಂಗಪ್ಪ ಮೀಸೆ ತಿರುವಿದರು. ಮನೆ ಬಿಟ್ಟು ಓಡಿದ ಸೊಸೆ ಹೊಳೆಯ ದಂಡೆಗೆ ಬರಬೇಕು. ನಾನು ಮುಂದಿನ ಬಿಳಿ ಲೈಟುಗಳನ್ನೆಲ್ಲ ಆರಿಸಿ, ಎರಡೂ ಪಕ್ಕ ನೆಲದ ಹತ್ತಿರ ಕಟ್ಟಿದ್ದ ಹಳದಿ ಬಲ್ಬು ಮಾತ್ರ ಹಚ್ಚಿದೆ. ಬೆಳಗಿನ ಬಿಸಿಲು ಎದೆಗೆ ಬರುವುದಿಲ್ಲ, ಪಕ್ಕೆಗೆ ಬರುತ್ತದೆ ಎಂದು ಪುಷ್ಪಲತಾ ಒಮ್ಮೆ ಹೇಳಿದ್ದಳು. ಅಂಜಿನಿ ಹಗ್ಗ ಬಿಟ್ಟ. ಸುರುಳಿ ಬಿಚ್ಚಿಕೊಂಡು ಬಂತು.

ಮುಂದಿನ ಸಾಲಿನಿಂದ ನೋಡಿದರೆ, ಅಯ್ಯೋ, ಬರೀ ಬಣ್ಣ. ಬೂದಿ, ಗುಲಾಬಿ, ಅರಿಸಿನ, ಕಂದು, ಮಕ್ಕಳು ಕೈ ಅದ್ದಿ ಆಡಿದ ಹಾಗೆ. ಮಾಳಿಗೆ ಮೇಲಿಂದ ಕಂಡ ನೀರು ಇಲ್ಲೆಲ್ಲೂ ಇರಲಿಲ್ಲ. ನನ್ನ ಬೆನ್ನಿನ ಮೇಲೆ ಮಾತ್ರ ಧಾರಾಳವಾಗಿ ಹರಿಯುತ್ತಿತ್ತು. ಕುರ್ಚಿಗಳು ಕಿರುಗುಟ್ಟಿದವು. ಪಂಚಾಕ್ಷರಪ್ಪನವರು ಎದ್ದು ನಿಂತು ಎರಡು ಸಲ ಕೆಮ್ಮಿದರು. ರಂಗದ ಪಕ್ಕದಲ್ಲಿ ಗಾದಿಲಿಂಗಪ್ಪ ಅಂಜಿನಿಯ ಕೊರಳಪಟ್ಟಿ ಹಿಡಿದಿದ್ದರು. ಸಾವ್ಕಾರರೇ ಫೋನ್ ಮಾಡಿ ಹೇಳ್ಯಾರ್ರೀ ಎಂದು ಅಂಜಿನಿ ಬಡಕೊಳ್ಳುತ್ತಿದ್ದದ್ದು ಮೈಕಿನಲ್ಲಿ ಇಡೀ ಊರಿಗೆ ಕೇಳಿಸಿತು.

ಪಫ್ ಕೈಯಲ್ಲಿ ಹಿಡಿದೇ ಪುಷ್ಪಲತಾ ಹೊರಗೆ ಬಂದಳು. ಪರದೆ ನೋಡಿದಳು, ಕುರ್ಚಿಯ ಮೇಲಿನ ಮುಖಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಯಾರ ಗಂಟಲ ಕೆಲಸ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

"ಹಂಪೇಶಣ್ಣ, ಬಿಳಿ ಹೊಡದಿದ್ರನ ಚೊಲೋ ಇತ್ತು. ಇಷ್ಟ ಮಂದಿ ಮುಂದ ಮಾನ ಕಳದಿ."

ಆರಿಸಿಬಿಡೋಣವೆಂದು ಹಳದಿ ಬಲ್ಬಿನ ಸ್ವಿಚ್ಚಿಗೆ ಕೈ ಹಾಕಿದೆ.

ಅಷ್ಟರಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಸದ್ದು ಕಡಿಮೆಯಾಗುತ್ತಿತ್ತು, ಅದೂ ಹಿಂದಿನಿಂದ. ಮೊದಲು ಕಾಂಪೌಂಡಿನ ಮೇಲಿನ ಸಿಳ್ಳೆ ನಿಂತಿತು. ಆಮೇಲೆ ಟ್ರೇಲರಿನ ಮೇಲಿನ ಮಂಡಕ್ಕಿಯ ಕುರುಕುರು. ಆಮೇಲೆ ಜಮಖಾನದ ಹಿಂದಿನ ಅಂಚಿನ ಗಂಡಸರು. ಮೌನ ಒಂದೊಂದು ಸಾಲಾಗಿ ಮುಂದಕ್ಕೆ ಬರುತ್ತಿತ್ತು, ನೀರು ಏರುವ ಹಾಗೆ. ಗೊಣಗುತ್ತಿದ್ದದ್ದು ಕುರ್ಚಿಗಳು ಮಾತ್ರ.

ದುರುಗಮ್ಮ ಅನುಭವಸ್ಥೆ. ಪರದೆ ಯಾವುದಾದರೇನು, ಅವಳು ಅದಕ್ಕೆ ಬೆನ್ನು ಹಾಕಿ ಮಂದಿಗೆ ಮುಖ ಕೊಟ್ಟು ನಿಂತು ಹಾಡು ಎತ್ತಿದಳು. ಒಂದು ಸಾಲು ಮುಗಿದಿರಲಿಲ್ಲ. ಹಿಂದಿನ ಟ್ರೇಲರಿನಿಂದ ಒಂದು ಹೆಣ್ಣುದನಿ ಬಂತು.

"ಒನ್ಸ್ ಮೋರ್."

ಕಾಂಪೌಂಡಿನ ಸಾಲು ಅದನ್ನೇ ಎತ್ತಿಕೊಂಡಿತು. ಆಮೇಲೆ ಜಮಖಾನ. ನಮ್ಮ ಕಡೆ ಒನ್ಸ್ ಮೋರ್ ಅಂದರೆ ಬರೀ ಮೆಚ್ಚುಗೆಯಲ್ಲ, ಆಜ್ಞೆ. ಅದು ಸಿಗುವ ತನಕ ನಾಟಕ ಮುಂದೆ ಹೋಗುವುದಿಲ್ಲ. ದುರುಗಮ್ಮನಿಗೆ ಆಶ್ಚರ್ಯವಾಯಿತು. ಪಲ್ಲವಿಯೇ ಮುಗಿದಿಲ್ಲ. ಆದರೂ ಕೈ ಮುಗಿದು, ನಕ್ಕು, ಹಾಡನ್ನು ಮತ್ತೆ ಮೊದಲಿನಿಂದ ಎತ್ತಿದಳು.

"ನಿನಗಲ್ಲಬೇ ಯಕ್ಕಾ," ಎಂದಿತು ಟ್ರೇಲರು. "ಹೊಳಿಗೆ. ನೀ ಒಂದೀಟು ಬಾಜೂಕ ಸರಿ, ದೋಣಿಗೆ ಅಡ್ಡ ನಿಂತೀದಿ."

ಬಯಲು ನಕ್ಕಿತು. ದುರುಗಮ್ಮ ಮಾತ್ರ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಯಾವ ಪಾತ್ರಧಾರಿಯೂ ಮಾಡದ ಕೆಲಸ ಮಾಡಿದಳು, ಮಂದಿಗೆ ಬೆನ್ನು ತೋರಿಸಿ ಪರದೆಯತ್ತ ತಿರುಗಿದಳು. ಅಷ್ಟು ಹತ್ತಿರದಿಂದ ಅವಳಿಗೆ ಏನು ಕಾಣಬೇಕು? ಸ್ವಲ್ಪ ಹೊತ್ತು ನೋಡಿ, ಹರಿದ ಸೀರೆಯ ನೆರಿಗೆ ಎತ್ತಿಕೊಂಡು ರಂಗದ ಮೆಟ್ಟಿಲು ಇಳಿದಳು. ಮನೆ ಬಿಟ್ಟ ಸೊಸೆ ಕುರ್ಚಿಗಳ ನಡುವೆ, ಜಮಖಾನದ ನಡುವೆ, ಜಾಗ ಕೊಡ್ರಪ್ಪ ಎನ್ನುತ್ತ ನೆಟ್ಟಗೆ ಹಿಂದಕ್ಕೆ ನಡೆದಳು. ಹೆಂಗಸರು ಕೈ ಕೊಟ್ಟು ಟ್ರೇಲರಿನ ಮೇಲೆ ಎಳೆದುಕೊಂಡರು. ಅಲ್ಲಿ ಅವಳು ತಿರುಗಿ ನಿಂತಳು. ಮೈಕು ಇಲ್ಲದೆಯೂ ಬಯಲಿನ ಕೊನೆ ಮುಟ್ಟುವ ಗಂಟಲು ಅವಳದು.

"ಎಷ್ಟ್ ವರ್ಸ ಹೊಳಿಗೆ ಬೆನ್ ಕೊಟ್ಟು ಅತ್ತಿದೀನಿ. ಇವತ್ತು ಅದರ ಮಕ ನೋಡ್ದೆ. ಸಾವ್ಕಾರ್ರೇ, ಆ ಕುರ್ಚಿ ಬಿಟ್ಟು ಇಲ್ಲಿಗೆ ಬನ್ರಿ. ಅಲ್ಲಿ ಕುಂತೋರಿಗೆ ಏನೂ ಕಾಣಲ್ಲ."

ಅತಿಥಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಮುಂದಿನ ಕುರ್ಚಿ ಬಿಟ್ಟು ಹಿಂದೆ ಹೋಗುವುದು ನಮ್ಮ ಊರುಗಳಲ್ಲಿ ಸಣ್ಣ ಮಾತಲ್ಲ. ಕುರ್ಚಿಗಾಗಿ ಜಗಳವಾದದ್ದುಂಟು, ಕುರ್ಚಿ ಬಿಟ್ಟದ್ದಕ್ಕೆ ಆಗಿಲ್ಲ. ಮೊದಲು ಎದ್ದವರು ಪಂಚಾಕ್ಷರಪ್ಪನವರು. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನಡೆದರು. ಹಿಂದೆಯೇ ಉಳಿದವರು. ನಾನೂ ಸ್ವಿಚ್ಚಿನ ಹಲಗೆ ಬಿಟ್ಟು ಪುಷ್ಪಲತಾಳ ಮೊಣಕೈ ಹಿಡಿದು ಎಳೆದುಕೊಂಡು ಹೋದೆ. ಅವಳು ನೆಲ ನೋಡುತ್ತಲೇ ಬಂದಳು.

ಟ್ರೇಲರಿನ ಹತ್ತಿರ ತಿರುಗಿ ನೋಡಿದೆ. ರಂಗ ಇರಲಿಲ್ಲ. ಶಾಲೆಯ ಬಯಲಿನ ಕೊನೆಯಲ್ಲಿ ತುಂಗಭದ್ರೆಯ ಹಿನ್ನೀರು ಬಂದು ನಿಂತಿತ್ತು. ಆಗಷ್ಟೇ ಬೆಳಕು ಹರಿಯುತ್ತಿದೆ. ನೀರಿಗೆ ತನ್ನದೆಂಬ ಬಣ್ಣವಿಲ್ಲ, ಆಕಾಶ ಕೊಟ್ಟದ್ದನ್ನೆಲ್ಲ ತೆಗೆದುಕೊಂಡು ಮಲಗಿದೆ. ಮೂರು ದೋಣಿಗಳು. ಎರಡು ಒಂದಕ್ಕೊಂದು ಆತುಕೊಂಡಿವೆ, ಮೂರನೆಯದು ಸ್ವಲ್ಪ ದೂರದಲ್ಲಿ, ಅದರಲ್ಲಿ ಒಬ್ಬ ಮನುಷ್ಯ. ಮನುಷ್ಯ ಅಂದರೆ ಒಂದೇ ಒಂದು ಗೀಟು, ಆದರೆ ಅವನು ಬಲೆ ಎಳೆಯುವ ಮೊದಲು ಸುಮ್ಮನೆ ಕೂತಿದ್ದಾನೆ ಎಂದು ತಿಳಿಯುತ್ತಿತ್ತು. ದೋಣಿಗಳ ನೆರಳುಗಳು ನೀರಿನಲ್ಲಿ ಮುರಿದು ಮುರಿದು ಕೆಳಗಿಳಿದಿದ್ದವು. ಗಾದಿಲಿಂಗಪ್ಪ ಅಂದು ಮೆಟ್ಟಿ ನಿಂತಿದ್ದ ನಾಲ್ಕು ಗೀಟೇ ಆ ದೋಣಿಗಳಲ್ಲಿ ಒಂದು. ಅಷ್ಟರಲ್ಲಿ ಬಯಲಿನ ಗಾಳಿ ಬಟ್ಟೆಯನ್ನು ಹಿಂದಿನಿಂದ ಮೆಲ್ಲಗೆ ತಳ್ಳಿತು. ಅರಿಸಿನದ ಪಟ್ಟೆ ಅಲುಗಿತು. ನೀರು ಉಸಿರಾಡಿತು. ಹೊಳೆ ಹೊಳೆಯಿತು, ಇದಕ್ಕಿಂತ ಬೇರೆ ಮಾತು ನನಗೆ ಸಿಗುತ್ತಿಲ್ಲ.

ಪಂಚಾಕ್ಷರಪ್ಪನವರು ಟ್ರೇಲರಿನ ಅಂಚು ಹಿಡಿದು ನಿಂತಿದ್ದರು. ನಾನು ಎರಡು ಕೆಮ್ಮಿಗೆ ಕಾದೆ. ಬರಲಿಲ್ಲ. ನಾನು ಕಂಡಂತೆ ಕೆಮ್ಮಿಲ್ಲದೆ ಅವರು ಆಡಿದ ಮೊದಲ ಮಾತು ಅದು.

"ಇದು ನಿಮ್ಮ ಚಿಗವ್ವನ ಊರ ನೀರು ಅಲ್ಲೇನು?"

"ಹೌದಪ್ಪ," ಎಂದಳು ಪುಷ್ಪಲತಾ. ಆಗ ಮೊದಲ ಸಲ ತಲೆ ಎತ್ತಿದಳು. ತಾನು ಬಿಡಿಸಿದ್ದನ್ನು ಇಷ್ಟು ದೂರದಿಂದ, ಇಷ್ಟು ಬೆಳಕಿನಲ್ಲಿ ಅವಳೂ ನೋಡಿರಲಿಲ್ಲ. ಅವಳ ಕೈಯಲ್ಲಿದ್ದ ಪಫ್ ಕೆಳಗೆ ಬಿದ್ದು ಪೌಡರ್ ಹಾರಿತು.

ಒನ್ಸ್ ಮೋರ್ ಮಾತ್ರ ನಿಂತಿರಲಿಲ್ಲ. ಪರದೆಗೆ ಒನ್ಸ್ ಮೋರ್ ಕೊಡುವುದು ಹೇಗೆ ಎಂದು ಅಂಜಿನಿಗೆ ತಿಳಿಯದೆ ಹಗ್ಗ ಹಿಡಿದು ನಿಂತಿದ್ದ. ಆಗ ಮೀಸೆ ಅಂಟಿಸಿಕೊಂಡ ಗಾದಿಲಿಂಗಪ್ಪ ರಂಗದಿಂದ ಧುಮುಕಿ, ಮಂದಿಯ ನಡುವೆ ಓಡಿ ಬಂದು, ಟ್ರೇಲರಿನ ಗಾಲಿ ಹತ್ತಿ ನೋಡಿದರು. ಹಾಗೇ ವಾಪಸ್ ಓಡಿ, ಅಂಜಿನಿಯ ಕೈಯಿಂದ ಹಗ್ಗ ಕಸಿದುಕೊಂಡು ತಾವೇ ಜಗ್ಗಿದರು. ಹೊಳೆ ಮೇಲೆ ಹೋಯಿತು. ಅದರ ಹಿಂದೆ ಗೌಡ್ತಿಯ ವೇಷದ ಗಂಡಸೊಬ್ಬ ಬೀಡಿ ಸೇದುತ್ತ ಕೂತದ್ದು ಇಡೀ ಊರಿಗೆ ದರ್ಶನವಾಯಿತು. ಅವನು ಓಡುವಷ್ಟರಲ್ಲಿ ಹೊಳೆ ಮತ್ತೆ ಇಳಿಯಿತು. ಈ ಸಲ ಕುರ್ಚಿಯವರೂ ಹಿಂದೆಯೇ ನಿಂತು ನೋಡಿದರು. ಸಿಳ್ಳೆ, ಚಪ್ಪಾಳೆ, ಕಾಂಪೌಂಡಿನಿಂದ ಟವೆಲುಗಳು ಹಾರಿದವು. ಹೊಸಹಳ್ಳಿಯ ಸುತ್ತಮುತ್ತ ಎಲ್ಲವೂ ಮಳೆ ನಂಬಿದ ಹೊಲ, ಅಷ್ಟು ನೀರು ಆ ಬಯಲಿಗೆ ಯಾವತ್ತೂ ಬಂದದ್ದಿಲ್ಲ. ಮೂರನೆಯ ಒನ್ಸ್ ಮೋರಿಗೆ ಗಾದಿಲಿಂಗಪ್ಪ ಬೆವತಿದ್ದರು, ಅರ್ಧ ಮೀಸೆ ಕಳಚಿತ್ತು. ಆದರೂ ಹಗ್ಗವನ್ನು ಬೇರೆಯವರಿಗೆ ಕೊಡಲಿಲ್ಲ.

ನಮ್ಮ ನಾಟಕಗಳಲ್ಲಿ ಮೆಚ್ಚಿದ ಪಾತ್ರಧಾರಿಗೆ ಮಂದಿ ಆಯಾರ ಮಾಡುತ್ತಾರೆ. ಟವೆಲು, ಕುಬುಸದ ಬಟ್ಟೆ, ತೆಂಗಿನಕಾಯಿ, ಏನೇ ಇರಲಿ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಅಂದು ಟ್ರೇಲರಿನ ಮೇಲಿನ ಹೆಂಗಸರು ತಮ್ಮ ಮುಡಿಯ ಹೂವಿನ ದಂಡೆಗಳನ್ನು ಬಿಚ್ಚಿ ಕಳಿಸಿದರು. ಯಾರಿಗೆ ಎಂದು ಕೂಗಬೇಕು? ಪರದೆ ಬರೆದವರಿಗೆ ಆಯಾರ ಬಂದದ್ದು ನಾನು ಕೇಳಿಲ್ಲ. ಅವರ ಹೆಸರನ್ನು ಯಾರೂ ಕೇಳುವುದೂ ಇಲ್ಲ. ನಾನು ನನ್ನ ಸ್ವಂತ ದನಿಯಲ್ಲಿ, ಅಪರೂಪಕ್ಕೆ, ಹೇಳಿದೆ. ಈ ಹೊಳೆಯನ್ನು ಬರೆದವರು ಕೊಟ್ಟೂರಿನ ಪುಷ್ಪಲತಾ, ಅವರು ರಂಗಕ್ಕೆ ಬರಬೇಕು. ದುರುಗಮ್ಮನೇ ಕೈ ಹಿಡಿದು ಹತ್ತಿಸಿದಳು. ಹೂವಿನ ದಂಡೆಗಳನ್ನೆಲ್ಲ ಅವಳ ಕೊರಳಿಗೆ ಹಾಕಿ, ಗಾದಿಲಿಂಗಪ್ಪನ ಕಡೆ ನೋಡಿದಳು. ಗಾದಿಲಿಂಗಪ್ಪ ಅರ್ಧ ಮೀಸೆಯಲ್ಲಿ ಮುಂದೆ ಬಂದು ತಮ್ಮ ವೇಷದ ಜರಿ ಶಲ್ಯ ತೆಗೆದು ಹೊದಿಸಿದರು.

"ಯವ್ವಾ, ಅವತ್ತ ನಾನು ನಿನ್ನ ದೋಣಿ ತುಳದೆ. ಇನ್ನ ನಿನ್ನ ಅಂಗಳಕ್ಕ ಬಂದ್ರ ದಂಡೀ ಮ್ಯಾಲ ನಿಲ್ತೀನಿ."

ಉಪ್ಪು ಕೇಳುವ ಅದೇ ದನಿ. ಹೊದಿಸಿದ ಶಲ್ಯ ಜಾರದಂತೆ ಹಿಡಿದಿದ್ದ ಅವರ ಕೈ ಮಾತ್ರ ಬೇರೆ ಪಾತ್ರದ್ದು.

ಆಮೇಲೆ ಪಂಚಾಕ್ಷರಪ್ಪನವರು ಮೈಕು ಇಸಿದುಕೊಂಡರು. ಇಸಿದುಕೊಳ್ಳುವುದು ಅವರ ರೂಢಿಯಲ್ಲವೆ. ಎರಡು ಸಲ ಕೆಮ್ಮಿದರು. ನನಗೆ ಜೀವ ಬಂತು, ಮತ್ತು ಹೋಯಿತು.

"ಈ ಪರದೆ ತಾ ಅಂತ ಮಧ್ಯಾಹ್ನ ನಾನ ಫೋನ್ ಮಾಡಿ ಹೇಳೀನಿ ಅಂತ. ನನಗ ನೆನಪಿಲ್ಲ. ಆದ್ರ ದನಿ ನಿಮ್ದ ಇತ್ತು ಅಂತಾನ ಅಂಜಿನಿ." ನನ್ನ ಕಡೆ ತಿರುಗಿ ನೋಡಿದರು. "ಇರಲಿ. ನಾನು ಹೇಳಬೇಕಾದ ಮಾತನ್ನ ನನ್ನ ದನಿ ಹೇಳೈತಿ."

ಅವರು ಮಗಳತ್ತ ತಿರುಗಿದರು.

"ಸೋಮವಾರ ಬಿಳಿ ಬಣ್ಣ ಹೊಡಿಯೂದು ಹೊಡಿಯೂದ. ಕಲಿಸಿ ಇಟ್ಟೀನಿ, ಚೆಲ್ಲಂಗಿಲ್ಲ. ಅರಮನಿಗೆ ಹೊಡೀತೀನಿ, ಅಡವಿಗೆ ಹೊಡೀತೀನಿ, ಓಣಿ ಪರದೆಗೂ ಹೊಡೀತೀನಿ. ನಮ್ಮ ಪುಷ್ಪಾಗ ಬಿಳೇ ಅರಿವಿ ಬೇಕಾಗ್ತಾವು. ತಿಳೀತಲ್ಲ?"

ಕೊನೆಯ ಎರಡು ಅಕ್ಷರ ಅವರಿಗೇ ಕೇಳಿಸಿರಲಿಕ್ಕಿಲ್ಲ, ಅಷ್ಟು ಗದ್ದಲವೆದ್ದಿತು. ನಾನು ಲೈಟಿನ ಪೆಟ್ಟಿಗೆ ತೆರೆದು, ದಾರ ಸುತ್ತಿದ್ದ ಕುಂಚಗಳನ್ನು ತಂದು ಅವಳ ಕೈಗಿಟ್ಟೆ. ಒಂದರಿಂದಲೂ ವೈರಿನ ದೂಳು ಹೊಡೆದಿರಲಿಲ್ಲ. ಅವಳು ಅವುಗಳನ್ನು ಹೂವಿನ ದಂಡೆಗಳ ಜೊತೆಗೇ ಎದೆಗೆ ಒತ್ತಿಕೊಂಡಳು. ಅರಮನೆ ಬಿಡಿಸುವಾಗ ನಿನ್ನ ಮೂಗನ್ನು ನೆನಪಿನಲ್ಲಿಡುತ್ತೇನೆ, ದ್ವಾರಪಾಲಕನಿಗೆ ಬೇಕಾಗುತ್ತದೆ ಎಂದಳು. ಅವಳ ತಮಾಷೆಯಲ್ಲಿ ತಮಾಷೆ ಮರಳಿ ಬಂದಿತ್ತು.

ನಾಟಕ ಮತ್ತೆ ಶುರುವಾಯಿತು. ದುರುಗಮ್ಮ ದೋಣಿಗೆ ಅಡ್ಡವಾಗದಂತೆ ಬಾಜೂಕೆ ನಿಂತು ಹಾಡಿದಳು, ಆ ಹಾಡಿಗೂ ಒನ್ಸ್ ಮೋರ್ ಸಿಕ್ಕಿತು. ಖಳನಾಯಕ ಬರುವ ಹೊತ್ತಿಗೆ ಹತ್ತು ಗಂಟೆ. ಮೈಕು ಆರಿಸಲೇಬೇಕಾಯಿತು. ಹಾಗಾಗಿ 'ಹೊಳೆ ದಾಟಿದ ಸೊಸೆ'ಯಲ್ಲಿ ಸೊಸೆ ಹೊಳೆ ದಾಟಲೇ ಇಲ್ಲ. ಊರಿನಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಹಳದಿ ಬಲ್ಬುಗಳನ್ನು ಮಾತ್ರ ಇನ್ನೊಂದೀಟು ಹೊತ್ತು ಇರಲಿ ಬಿಡು ಎಂದು ಟ್ರೇಲರಿನಿಂದ ಹೇಳಿಕಳಿಸಿದರು.

ಈಗ ಅಂಗಡಿಗೆ ಪರದೆ ನೋಡಲು ಬಂದವರ ಚಪ್ಪಲಿಗಳು ಅಂಗಳದಲ್ಲಿ ಇರುವುದಿಲ್ಲ, ಮಾಳಿಗೆಯ ಏಣಿಯ ಬುಡದಲ್ಲಿರುತ್ತವೆ. ಚಹಾ ಕೂಡ ಮೇಲಕ್ಕೇ ಹೋಗುತ್ತದೆ. ಮೊಣಕಾಲು ನೋವಿನ ಪಂಚಾಕ್ಷರಪ್ಪನವರೇ ಮುಂದೆ ಹತ್ತಿ, ಗೋಡೆ ಹಿಡಿದು ನಿಂತು, ಕೆಳಗೆ ಬೆರಳು ತೋರಿಸಿ ಎರಡು ಸಲ ಕೆಮ್ಮುತ್ತಾರೆ. ಅಂಜಿನಿ ನನಗೆ ಒಂದು ಬಾಟಲಿ ಕೆಮ್ಮಿನ ಔಷಧ ತಂದುಕೊಟ್ಟಿದ್ದಾನೆ.